ಅತ್ತೆಯ ಮಾತಿಗೆ ನನ್ನ ಪದವಿ

ಓದಿದವರಿಗೆ ಕಿವಿ ಚುರುಕಾಗುತ್ತದೆ ಎಂಬುದು ಓದದವರ ನಂಬಿಕೆ. ನನ್ನ ಮಟ್ಟಿಗಂತೂ ಅದು ಶುದ್ಧ ಸುಳ್ಳು. ತೊಂಬತ್ತರ ದಶಕದ ಕೊನೆಯಲ್ಲಿ ನಾನು ವಿಶ್ವವಿದ್ಯಾಲಯ ಸೇರಿ ಅನ್ವಯಿಕ ಭಾಷಾವಿಜ್ಞಾನ, ಅಂದರೆ ಅಪ್ಲೈಡ್ ಲಿಂಗ್ವಿಸ್ಟಿಕ್ಸ್, ಓದಿದೆ. ಎರಡೇ ವರ್ಷದಲ್ಲಿ, ಎದುರಿಗಿರುವವರು ಏನು ಹೇಳುತ್ತಿದ್ದಾರೆ ಎಂಬುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಕೇಳಿಸತೊಡಗಿತು. ರಜೆಗೆ ದಾವಣಗೆರೆಗೆ ಬಂದಾಗ ಅವ್ವ "ಉಣ್ಣಾಕೆ ಬಾರೋ" ಎಂದು ಕೂಗಿದರೆ ನನಗೆ ಹಸಿವಿಗಿಂತ ಮೊದಲು ಕ್ರಿಯಾಪದ ನೆನಪಾಗುತ್ತಿತ್ತು. ನಮ್ಮ ಬಡಾವಣೆ ವಿನೋಬನಗರದವರಿಗೂ ನನ್ನ ವಿದ್ಯೆಯ ಮೇಲೆ ಅಂಥ ಗೌರವವೇನೂ ಇರಲಿಲ್ಲ. ನಮ್ಮ ಬೀದಿಯ ದರ್ಜಿ ರಹಮತ್ ಸಾಹೇಬರು ಒಮ್ಮೆ, "ಅಪ್ಲೈಡು ಅಪ್ಲೈಡು ಅಂತೀಯಲ್ಲಪ್ಪ, ಎಲ್ಲಿಗೆ ಅಪ್ಲೈ ಮಾಡೀಯ? ಕೆಲಸ ಬಂತಾ?" ಎಂದರು. ಇವರಿಗೇನು ತಿಳಿದೀತು ಎಂದು ನಾನು ಮೂಗು ಮುರಿದೆ. ಅವರ ಕೈಯಲ್ಲಿ ಆಗ ರಿಪೇರಿಯಾಗುತ್ತಿದ್ದದ್ದು ನನ್ನದೇ ಪ್ಯಾಂಟಿನ ಜಿಪ್ಪು.

ಕೊನೆಯ ವರ್ಷ ಒಂದು ಕಿರುಪ್ರಬಂಧ ಬರೆಯಬೇಕಿತ್ತು. "ಜನರ ಸಹಜ ಮಾತನ್ನು ರೆಕಾರ್ಡ್ ಮಾಡಿಕೊಂಡು ಬನ್ನಿ" ಎಂದರು ನಮ್ಮ ಮೇಷ್ಟ್ರು. ಸ್ವತಃ ಅವರು ಪುಸ್ತಕದ ಕಪಾಟಿನ ಜೊತೆ ಬಿಟ್ಟರೆ ಯಾರೊಂದಿಗೂ ಸಹಜವಾಗಿ ಮಾತಾಡಿದ್ದನ್ನು ನಾನು ಕಂಡಿಲ್ಲ. ನಾನು ಟೇಪ್ ರೆಕಾರ್ಡರ್ ಹೊತ್ತು ಹರಿಹರಕ್ಕೆ, ಸೋದರತ್ತೆ ಬಸಮ್ಮನ ಮನೆಗೆ ಹೋದೆ. ಖಾನಾವಳಿಗೆ ರೊಟ್ಟಿ ತಟ್ಟಿಕೊಟ್ಟು ಬದುಕುತ್ತಿದ್ದ ಅತ್ತೆ ಬಾಯಿ ತೆರೆದರೆ ಬೀದಿಯೇ ನಿಂತು ಕೇಳುತ್ತಿತ್ತು. ಆದರೆ ಟೇಪಿನ ಗುಂಡಿ ಒತ್ತಿದ್ದೇ ತಡ, ಸೆರಗು ಸರಿಮಾಡಿಕೊಂಡು, "ಎಲ್ಲರಿಗೂ ನಮಸ್ಕಾರ. ನಾನು ಕ್ಷೇಮವಾಗಿದ್ದೇನೆ" ಎಂದು ರೇಡಿಯೋ ವಾರ್ತೆ ಶುರುಮಾಡಿದಳು. ನನಗೆ ರೇಗಿತು. "ಆಫ್ ಮಾಡೀನಿ ಅತ್ತೆ, ಸುಮ್ನೆ ಮಾತಾಡು" ಎಂದು ಸುಳ್ಳು ಹೇಳಿ, ಓಡುತ್ತಿದ್ದ ಟೇಪನ್ನು ಹಿಟ್ಟಿನ ಡಬ್ಬಿಯ ಹಿಂದೆ ಸರಿಸಿದೆ. ಆಮೇಲೆ ಅತ್ತೆ ರೊಟ್ಟಿ ತಟ್ಟುತ್ತ ಒಂದು ಗಂಟೆ ಮಾತಾಡಿದಳು. ನಾನು ಹ್ಞೂಂಗುಟ್ಟುತ್ತ "ಐತೆ"ಗಳನ್ನು ಎಣಿಸಿದೆ.

ಪ್ರಬಂಧ ಭರ್ಜರಿಯಾಗಿ ಬಂತು; ಕ್ಯಾಸೆಟ್ಟನ್ನೂ ಜೊತೆಗಿಟ್ಟು ಒಪ್ಪಿಸಿದೆ. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ವಯಸ್ಸಾದ ಮೇಡಂ ಒಬ್ಬರು ಪುಟ ತಿರುವಿ, "ಹನ್ನೆರಡನೇ ಉದಾಹರಣೆ ಓದಿ" ಎಂದರು. ನಾನು ಗಂಟಲು ಸರಿಮಾಡಿಕೊಂಡು ಓದಿದೆ: "ಕಣ್ಣಿಗೆ ಪೊರೆ ಬಂದೈತಂತೆ ಕಣೋ ಮಂಜ, ಆಪರೇಷನ್‌ಗೆ ಬರೋ ಸೋಮವಾರ ದಾವಣಗೆರೆಗೆ ಕರಕೊಂಡು ಹೋಗ್ತೀಯಾ?" ಪ್ರಶ್ನಾರ್ಥಕ ಪ್ರತ್ಯಯದ ಬಗ್ಗೆ ವಿವರಿಸಲು ನಾನು ಬಾಯಿ ತೆರೆಯುವಷ್ಟರಲ್ಲಿ ಮೇಡಂ ಕೇಳಿದರು: "ಕ್ಯಾಸೆಟ್ಟಿನಲ್ಲಿ ನೀವು ಹ್ಞೂಂ ಅಂದಿದ್ದೀರಲ್ಲ. ಕರೆದುಕೊಂಡು ಹೋದಿರಾ?"

ಆ ಸೋಮವಾರ ಕಳೆದು ಎರಡು ತಿಂಗಳಾಗಿತ್ತು. ಮೇಷ್ಟ್ರು ಫ್ಯಾನ್ ನೋಡಿದರು. ನಾನು ನೆಲ ನೋಡಿದೆ. ಮೇಡಂ ಆಮೇಲೆ ಏನು ಕೇಳಿದರೋ, ನಾನು ಏನು ಹೇಳಿದೆನೋ ನೆನಪಿಲ್ಲ.

ಮರುದಿನವೇ ಹರಿಹರದ ಬಸ್ಸು ಹತ್ತಿದೆ. ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ಒಲೆಯ ಮುಂದೆ ಕೂತಿದ್ದಳು. ಪಕ್ಕದ ಮನೆಯ ಶಾಂತಕ್ಕ ಕರೆದುಕೊಂಡು ಹೋಗಿದ್ದಳಂತೆ. ಅಂದು ಬಸ್ ಸ್ಟ್ಯಾಂಡಿನಲ್ಲಿ ನನಗಾಗಿ ಮೂರು ಬಸ್ಸು ಬಿಟ್ಟು ಕಾದು ಆಮೇಲೆ ಹೊರಟರಂತೆ. ನಾನು ತಲೆ ತಗ್ಗಿಸಿ, ಟೇಪಿನ ಕಳ್ಳತನವನ್ನೂ ಸೇರಿಸಿ ಎಲ್ಲ ಒಪ್ಪಿಕೊಂಡೆ.

"ಹೋಗ್ಲಿ ಬಿಡು. ಪಾಸಾದ್ಯಾ?"

"ಫಸ್ಟ್ ಕ್ಲಾಸ್ ಬರ್ತೈತೆ ಅಂದ್ರು, ಅತ್ತೆ."

ಅತ್ತೆ ಕನ್ನಡಕ ತೆಗೆದು, ಹೊಸ ಕಣ್ಣಿನಿಂದ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಮಾತಾಡಿದಾಕಿ ನಾನು, ಪಾಸಾದವ ನೀನು! ಭಾರಿ ಓದು ಬಿಡಪ್ಪ ನಿಂದು."

ನಾಚಿಕೆಯಿಂದ ಸಾಯಬೇಕಿತ್ತು, ನಿಜ. ಆದರೆ ಆ ಕ್ಷಣ ನನ್ನ ಕೈ ಜೇಬಿನಲ್ಲಿ ಪೆನ್ನು ಹುಡುಕುತ್ತಿತ್ತು. "ಮಾತಾಡಿದಾಕಿ" ಎಂಬ ರೂಪ ಪ್ರಬಂಧದಲ್ಲಿ ಬಿಟ್ಟುಹೋಗಿತ್ತು.