ಆರು ತಿಂಗಳಿಗೊಮ್ಮೆ ಮಗುಚಬೇಕಾದ ಸೆನ್ಸರ್

ಹಾಸಿಗೆಯ ಎರಡು ಮೂಲೆ ಸೊಸೆಯ ಕೈಯಲ್ಲಿದ್ದವು, ಇನ್ನೆರಡು ಅತ್ತೆಯ ಕೈಯಲ್ಲಿ. ಹಾಸಿಗೆ ಅರ್ಧ ಮೇಲೆದ್ದು, ಬೆಳಗಿನ ನಿದ್ದೆಯಿಂದ ಬಲವಂತವಾಗಿ ಎಬ್ಬಿಸಿದ ಗಂಡಸಿನ ಹಾಗೆ ಅತ್ತ ವಾಲುವುದೋ ಇತ್ತ ವಾಲುವುದೋ ತಿಳಿಯದೆ ನಿಂತಿತ್ತು.

"ಎತ್ತೇ, ಇನ್ನೂ ಸ್ವಲ್ಪ ಎತ್ತು. ಆರು ತಿಂಗಳಿಗೊಂದ್ಸಲ ಮಗುಚಿ ಹಾಕದಿದ್ರೆ ಒಂದೇ ಕಡೆ ತಗ್ಗು ಬೀಳತ್ತೆ. ಎಷ್ಟು ಸಲ ಹೇಳ್ಬೇಕು ನಿಂಗೆ?" ಎಂದರು ಅತ್ತೆ.

ಎಷ್ಟು ಸಲ ಹೇಳಿದ್ದರೆಂದರೆ, ಹೋದ ವರ್ಷ ಜಾಗತಿಕ ಹಾಸಿಗೆ ಮಾರುಕಟ್ಟೆಯ ವರದಿ ಬರೆಯುವಾಗ ಸೊಸೆ ಆ ಮಾತನ್ನು ಇದ್ದ ಹಾಗೆಯೇ ಏಳನೇ ಅಧ್ಯಾಯಕ್ಕೆ ಸೇರಿಸಿದ್ದಳು. ಅದು ನೆನಪಾಗಿ ನಗು ಬಂತು. ನಗುವಿನ ಬೆನ್ನಿಗೇ ಇನ್ನೊಂದು ನೆನಪು ಬಂತು. ಅವಳು ಹಾಸಿಗೆಯನ್ನು ಬಿಟ್ಟುಬಿಟ್ಟಳು.

ಹಾಸಿಗೆ ಅತ್ತೆಯ ಮೇಲೆ ಬಿತ್ತು. ಮೆತ್ತಗಿನ ಹಾಸಿಗೆಯಾದ್ದರಿಂದ ಅವರಿಗೆ ಏನೂ ಆಗಲಿಲ್ಲ. ಅವರು ಆಡುತ್ತಿದ್ದ ಮಾತು ಮಾತ್ರ ಸ್ವಲ್ಪ ಹೊತ್ತು ಯಾರಿಗೂ ಕೇಳಿಸಲಿಲ್ಲ.

ಅವಳು ಕೆಲಸ ಮಾಡುತ್ತಿದ್ದದ್ದು ಮಾರುಕಟ್ಟೆ ವರದಿಗಳನ್ನು ಬರೆದು ಮಾರುವ ಕಚೇರಿಯಲ್ಲಿ. ಅಲ್ಲಿ ಯಾವ ವರದಿಯನ್ನೂ ಮೊದಲಿನಿಂದ ಬರೆಯುವ ಪದ್ಧತಿ ಇರಲಿಲ್ಲ. ಹಳೆಯ ವರದಿಯೊಂದನ್ನು ತೆರೆಯುವುದು, ಸರಕಿನ ಹೆಸರು ಇರುವಲ್ಲೆಲ್ಲ ಒಂದೇ ಗುಂಡಿ ಒತ್ತಿ ಹೊಸ ಸರಕಿನ ಹೆಸರು ಕೂರಿಸುವುದು, ಆಮೇಲೆ ಒಂದೊಂದೇ ಅಧ್ಯಾಯ ಓದುತ್ತ ಹೊಸ ಅಂಕಿ ಅಂಶ ಹಾಕಿ ಹೊಂದದ ಮಾತುಗಳನ್ನು ಕಿತ್ತುಹಾಕುವುದು. ಹೀಗೆ ನೀರಿನ ಪಂಪಿನ ವರದಿ ಹಲ್ಲುಜ್ಜುವ ಬ್ರಷ್ಷಿನ ವರದಿಯಾಗಿತ್ತು, ಬ್ರಷ್ಷು ಹಾಸಿಗೆಯಾಗಿತ್ತು. ಈಗ ಹಾಸಿಗೆ ಸೆನ್ಸರ್ ಆಗಿತ್ತು. ವಿಮಾನದ, ಡ್ರೋನಿನ ಹೊಟ್ಟೆಗೆ ಕಟ್ಟಿದರೆ ಮೇಲಿನಿಂದಲೇ ಕಾಡಿನ ಬೆಂಕಿಯನ್ನೂ ಹೊಲದ ತೇವವನ್ನೂ ಅಳೆಯುವ ಸೆನ್ಸರ್. ವರದಿಯ ಹೆಸರು 'ಜಾಗತಿಕ ಹಾರುವ ಸೆನ್ಸರ್ ಮಾರುಕಟ್ಟೆ: ಪೈಪೋಟಿ ಮತ್ತು ಬೆಳವಣಿಗೆ'.

ಆ ಮಾರುಕಟ್ಟೆಯಲ್ಲಿ ಎಷ್ಟು ಪೈಪೋಟಿಯಿತ್ತೋ ಅದರ ಮೇಲೆ ವರದಿ ಬರೆಯುವುದರಲ್ಲಿ ಅದಕ್ಕಿಂತ ಹೆಚ್ಚಿತ್ತು. ಎದುರು ಬೀದಿಯ ಕಚೇರಿಯವರೂ ಇದೇ ವರದಿ ತರುತ್ತಿದ್ದಾರೆಂಬ ಸುದ್ದಿ ಬಂದದ್ದೇ ತಡ, ಇವಳ ಕಚೇರಿಯ ಯಜಮಾನರು ಅವಳ ಕುರ್ಚಿಯ ಹಿಂದೆ ಬಂದು ನಿಂತಿದ್ದರು. ಅವರು ನಿಲ್ಲುವಾಗ ಅವಳು ಆರನೇ ಅಧ್ಯಾಯದಲ್ಲಿದ್ದಳು. ನಡುವೆ ಒಮ್ಮೆ ಅವರಿಗೆ ಕಾಫಿ ತರಿಸಿಕೊಟ್ಟು ಬಂದು ಕೂತು ಎಂಟನೆಯದನ್ನು ಶುರುಮಾಡಿದಳು. ಏಳನೆಯದು ಉಳಿದೇ ಹೋಗಿತ್ತು. ವರದಿ ನಿನ್ನೆ ಸಂಜೆಯೇ, ಮುಖಪುಟವಿನ್ನೂ ಇಲ್ಲದೆ, ಸೆನ್ಸರ್ ಕಂಪನಿಗೆ ಹೋಗಿತ್ತು. ಇವತ್ತು ನಾಲ್ಕು ಗಂಟೆಗೆ ಆ ಕಂಪನಿಯಲ್ಲಿ ಸಭೆ.

ಇದಿಷ್ಟೇ ಆಗಿದ್ದರೆ ಅವಳು ಹಾಸಿಗೆಯನ್ನು ಬಿಡುತ್ತಿರಲಿಲ್ಲ. ಹನ್ನೊಂದು ವರ್ಷದಲ್ಲಿ ಅವಳು ಬರೆದ ಅಷ್ಟೂ ವರದಿಗಳ ಮುಖಪುಟದ ಮೇಲೆ 'ನಮ್ಮ ಹಿರಿಯ ತಜ್ಞರ ತಂಡ' ಎಂದಿರುತ್ತಿತ್ತು. ತಂಡ ಎಂದರೆ ಅವಳೊಬ್ಬಳೇ. ಕಚೇರಿಯಲ್ಲಿ ಅವಳನ್ನು ತಂಡಮ್ಮ ಎಂದೇ ಕರೆಯುತ್ತಿದ್ದರು. ಈ ವರದಿಯ ಮೇಲೆ, ಮೊಟ್ಟಮೊದಲ ಬಾರಿಗೆ, ಅವಳ ಹೆಸರು ಅಚ್ಚಾಗುವುದಿತ್ತು. ಅದಕ್ಕಾಗಿ ಅವಳು ಮೂರು ವರ್ಷ ಕೇಳಿದ್ದಳು. ಅವಳು ಕಚೇರಿಯಲ್ಲಿ ಟೈಪು ಮಾಡುತ್ತಾಳೆಂದೇ ನಂಬಿದ್ದ ನಾದಿನಿಗೂ ಅತ್ತೆ ಫೋನು ಮಾಡಿ ಹೇಳಿಯಾಗಿತ್ತು.

ಕಚೇರಿಗೆ ಹೋದವಳೇ ಚಪ್ಪಲಿಯನ್ನೂ ಸರಿಯಾಗಿ ಬಿಡದೆ ಏಳನೇ ಅಧ್ಯಾಯ ತೆರೆದಳು. 'ಕೊಳ್ಳುವವರ ನಡವಳಿಕೆ.'

'ಬಹುಪಾಲು ಗ್ರಾಹಕರು ಸೆನ್ಸರ್ ಮೇಲೆ ಐದು ನಿಮಿಷವಾದರೂ ಮಲಗಿ ನೋಡದೆ ಕೊಳ್ಳುವುದಿಲ್ಲ. ನಿರ್ಧಾರ ಗಂಡನದೆಂದು ಕಂಡರೂ ಕೊನೆಯ ಮಾತು ಹೆಂಡತಿಯದು. ಸೆನ್ಸರ್ ಜೊತೆಗೆ ದಿಂಬು ಕೊಡುವ ಕಂಪನಿಗಳು ಪೈಪೋಟಿಯಲ್ಲಿ ಮುಂದಿವೆ. ಸೆನ್ಸರನ್ನು ಆರು ತಿಂಗಳಿಗೊಮ್ಮೆ ಮಗುಚಿ ಹಾಕಬೇಕು, ಇಲ್ಲವಾದರೆ ಒಂದೇ ಕಡೆ ತಗ್ಗು ಬೀಳುತ್ತದೆ.'

ಹದಿನಾಲ್ಕು ಪುಟ ಹೀಗೆಯೇ ಇತ್ತು. ಮಕ್ಕಳು ಸೆನ್ಸರ್ ಒದ್ದೆ ಮಾಡಿದರೆ ಏನು ಮಾಡಬೇಕೆಂಬುದಕ್ಕೇ ಒಂದು ಪುಟ ಮೀಸಲಾಗಿತ್ತು.

ಅವಳ ಮುಖ ನೋಡಿ ಮೊದಲು ಬಂದವಳು ಫೋನಕ್ಕ. ಕಚೇರಿಗೆ ಬರುವ ಕರೆಗಳನ್ನೆಲ್ಲ ತೆಗೆದುಕೊಳ್ಳುವುದು ಅವಳ ಕೆಲಸ, ಅವುಗಳಲ್ಲಿ ತನ್ನದೊಂದಿಷ್ಟು ಸೇರಿಸುವುದು ಅವಳ ಸ್ವಭಾವ.

"ಏನ್ರೀ ತಂಡಮ್ಮ, ಮುಖ ಸುಣ್ಣ ಬಳಿದ ಗೋಡೆ ಆಗಿದೆ?"

"ಅಕ್ಕಾ, ಒಂದು ಉಪಕಾರ ಮಾಡ್ತೀರಾ? ಆ ಕಂಪನಿಗೆ ಫೋನ್ ಮಾಡಿ, ನಿನ್ನೆ ಕಳಿಸಿದ ವರದಿ ಇನ್ನೂ ಓದ್ಬೇಡಿ, ಸಂಜೆ ಸರಿ ಮಾಡಿದ್ದು ತರ್ತೀವಿ ಅಂತ ಹೇಳಿ. ಏಳನೇ ಅಧ್ಯಾಯದಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆಗಿದೆ. ಯಾಕೆ ಏನು ಅಂತ ಮಾತ್ರ ಹೇಳ್ಬೇಡಿ."

"ಅಷ್ಟೇ ತಾನೆ? ನಂಗೆ ಬಿಡಿ."

ಫೋನಕ್ಕನಿಗೆ ಬಿಟ್ಟಳು. ಫೋನಕ್ಕ ನಂಬರು ಒತ್ತಿ, ಗಂಟಲಿಗೆ ಜೇನು ಸವರಿಕೊಂಡವಳ ಹಾಗೆ ಮಾತಾಡಿದಳು. "ನಮಸ್ಕಾರ ಸಾರ್. ವರದಿ ಬಂದಿದ್ಯಾ? ಹೌದಾ? ಬೇರೆಲ್ಲ ಓದಿ ಸಾರ್, ಏಳನೇ ಅಧ್ಯಾಯ ಒಂದು ಮಾತ್ರ ಓದ್ಬೇಡಿ. ಇಲ್ಲ ಸಾರ್, ಯಾಕೆ ಅಂತ ಹೇಳೋ ಹಾಗಿಲ್ಲ. ನಮ್ಮ ಕಡೆಯೇ ಯಾರಿಗೂ ಗೊತ್ತಿಲ್ಲ. ಯಾವ ಕಂಪನಿಗೂ ಇಲ್ಲೀವರೆಗೆ ಗೊತ್ತಿಲ್ಲದ ವಿಷಯ ಅಂತ ಕಾಣತ್ತೆ."

ಫೋನು ಇಟ್ಟು ತಿರುಗಿದಳು. "ಮುಗೀತು. ಇನ್ನು ಅವರು ಮುಟ್ಟಿದ್ರೆ ಕೇಳಿ."

ತಂಡಮ್ಮ ಎದ್ದು ಹೋಗಿ ಒಂದು ಲೋಟ ನೀರು ಕುಡಿದಳು. ಆ ಅಧ್ಯಾಯವನ್ನು ಅವರು ಈಗಾಗಲೇ ತೆರೆದಿರುತ್ತಾರೆ ಎನ್ನುವುದರಲ್ಲಿ ಸಂಶಯವಿರಲಿಲ್ಲ. ಇನ್ನು ಉಳಿದ ದಾರಿ ಒಂದೇ. ವರದಿ ಹಾಳಾಗಲಿ, ಅದರ ಮೇಲೆ ತನ್ನ ಹೆಸರು ಇರಬಾರದು. ತಂಡವನ್ನು ಯಾರೂ ಹಿಡಿದು ಕೇಳುವುದಿಲ್ಲ. ಹನ್ನೊಂದು ವರ್ಷದಲ್ಲಿ ಅವಳಿಗೆ ಆ ಪದದ ಮೇಲೆ ಮೊದಲ ಸಲ ಪ್ರೀತಿ ಬಂತು.

ಸಭೆಯಲ್ಲಿ ಹಂಚುವ ಪ್ರತಿಗಳಿಗೆ ಮುಖಪುಟ ಹೊಂದಿಸುತ್ತಿದ್ದವನು ಕಂಬಣ್ಣ. ವರದಿಗಳಲ್ಲಿ ಬೆಳವಣಿಗೆ ತೋರಿಸುವ ನಕ್ಷೆಯ ಕಂಬಗಳನ್ನು ಬರೆಯುವವನು ಅವನೇ. ಎಡದಿಂದ ಬಲಕ್ಕೆ ಏರುವ ಕಂಬಗಳನ್ನು ಬಿಟ್ಟು ಬೇರೆ ಬಗೆಯದನ್ನು ಅವನು ಬರೆದದ್ದು ಯಾರಿಗೂ ನೆನಪಿಲ್ಲ.

"ನೋಡಿ," ಎಂದು ಕಂಬಣ್ಣ ಒಂದು ಹಾಳೆ ಎತ್ತಿ ತೋರಿಸಿದ. "ಹೇಗಿದೆ?"

ಹೆಸರು ವರದಿಯ ಶೀರ್ಷಿಕೆಗಿಂತ ದೊಡ್ಡದಾಗಿತ್ತು.

"ಇದೇನು ಇಷ್ಟು ದೊಡ್ಡದು!"

"ಹನ್ನೊಂದು ವರ್ಷಕ್ಕೊಮ್ಮೆ ಬಂದಿರೋದು, ಸ್ವಲ್ಪ ಕಾಣಿಸ್ಲಿ ಅಂತ."

ಅವಳು ಹಾಳೆಯನ್ನು ಕೈಗೆ ತೆಗೆದುಕೊಂಡಳು. ಮದುವೆಯ ಕರೆಯೋಲೆಯಲ್ಲಿ ಒಮ್ಮೆ, ಮಗನ ಶಾಲೆಯ ಪುಸ್ತಕದಲ್ಲಿ ತಾಯಿಯ ಹೆಸರು ಎಂಬಲ್ಲಿ ಒಮ್ಮೆ ಅಚ್ಚಾಗಿದ್ದ ಹೆಸರು. ಇಲ್ಲಿ ಅದರ ಹಿಂದೆ ಮುಂದೆ ಯಾರೂ ಇರಲಿಲ್ಲ. ಅದು ಒಂಟಿಯಾಗಿ, ಆರಾಮಾಗಿ ನಿಂತಿತ್ತು. ಯಾರದೋ ಪರಿಚಯದವರ ಹೆಸರಿನಂತೆ, ಸಿಕ್ಕರೆ ಮಾತಾಡಿಸಬೇಕು ಎನಿಸುವಂತೆ ಇತ್ತು. ಅವಳು ಹಾಳೆಯನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟಳು.

"ಇದನ್ನ ತೆಗೀರಿ. ಹಳೇ ಹಾಗೆ ತಂಡ ಅಂತಲೇ ಇರ್ಲಿ."

ಕಂಬಣ್ಣ ಕುರ್ಚಿ ಹಿಂದಕ್ಕೆ ತಳ್ಳಿದ. "ಯಾಕೆ? ಎದುರು ಬೀದಿಯವರು ಕರೆದ್ರಾ?"

"ಇಲ್ಲಪ್ಪ."

"ಗಂಡ ಬೇಡ ಅಂದ್ರಾ?"

"ಅವರೇನೂ ಅಂದಿಲ್ಲ."

"ಮತ್ತೆ?"

ಏನಾದರೂ ಹೇಳಲೇಬೇಕಾಗಿತ್ತು. "ಒಬ್ಬಳದೇ ಹೆಸರು ಹಾಕಿಸ್ಕೊಳ್ಳೋದು ಸರಿಯಲ್ಲ ಅನ್ನಿಸ್ತು. ಯಜಮಾನರು ದುಡಿದಿಲ್ವಾ? ನಾನು ಬರೆಯೋವಾಗ ಅವರು ಅಷ್ಟು ಹೊತ್ತು ನಿಂತಿದ್ರು."

ಈ ಮಾತು ಕಂಬಣ್ಣನ ಬಾಯಿಂದ ಯಜಮಾನರ ಕಿವಿಗೆ ಹೋಗಲು ಏಳು ನಿಮಿಷ ಬೇಕಾಯಿತು. ಎಂಟನೇ ನಿಮಿಷಕ್ಕೆ ಕರೆ ಬಂತು.

ಯಜಮಾನರ ಕಣ್ಣು ಒದ್ದೆಯಾಗಿತ್ತು. "ಕೂತ್ಕೊಳ್ಳಿ. ಮೂವತ್ತು ವರ್ಷದಲ್ಲಿ ನನ್ನ ಬಗ್ಗೆ ಯಾರೂ ಹೀಗೆ ಹೇಳಿಲ್ಲ. ಮನೇಲಂತೂ ಬಿಡಿ."

"ಸಾರ್, ಅದಲ್ಲ. ಒಂದು ವಿಷಯ ಹೇಳ್ಬೇಕಿತ್ತು. ಏಳನೇ ಅಧ್ಯಾಯ..."

"ಏಳನೇ ಅಧ್ಯಾಯ ಯಾರಮ್ಮ ಓದ್ತಾರೆ? ಮೊದಲನೇ ಪುಟ, ಕೊನೇ ಪುಟ, ಮಧ್ಯೆ ಕಂಬ. ನಿಮ್ಮ ಮಾತಿಗೆ ನಾನು ಇಲ್ಲ ಅನ್ನಲ್ಲ. ನನ್ನ ಹೆಸರೇ ಹಾಕ್ಸಿದೀನಿ."

"ನಿಮ್ಮದಾ? ಸಾರ್, ತಂಡ ಅಂತ..."

"ತಂಡ ಅಂದ್ರೂ ನಾನೇ ಅಲ್ವಾ?"

ಹೇಳಿಬಿಡಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಯಜಮಾನರು ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು. ಮೂಗು ಒರೆಸಿಕೊಳ್ಳುತ್ತಿರುವ ಮನುಷ್ಯನಿಗೆ ಹಾಸಿಗೆಯ ವಿಷಯ ಹೇಳುವುದು ಹೇಗೆ? ಅವಳು ಬಾಯಿ ಮುಚ್ಚಿಕೊಂಡಳು. ಹೊರಗೆ ಬಂದಾಗ ಎದೆಯ ಮೇಲಿನ ಕಲ್ಲು ಇಳಿದ ಹಾಗಾಗಿತ್ತು. ಅದು ಇನ್ನೊಬ್ಬರ ಎದೆಯ ಮೇಲೆ ಕೂತಿದೆಯಲ್ಲ ಎಂದು ಒಂದು ಗಳಿಗೆ ಬೇಜಾರೂ ಆಯಿತು. ಮಧ್ಯಾಹ್ನದ ಊಟ ಮಾತ್ರ ಚೆನ್ನಾಗಿಯೇ ಸೇರಿತು.

ನಾಲ್ಕು ಗಂಟೆಗೆ ಸೆನ್ಸರ್ ಕಂಪನಿಯ ಸಭೆಯ ಕೋಣೆಯಲ್ಲಿ ಉದ್ದನೆಯ ಮೇಜಿನ ಒಂದು ಕಡೆ ಯಜಮಾನರು, ಕಂಬಣ್ಣ, ತಂಡಮ್ಮ ಕೂತಿದ್ದರು. ಇನ್ನೊಂದು ಕಡೆ ಕಂಪನಿಯ ಹಿರಿಯರು, ನಡುವೆ ಮುಖ್ಯ ಇಂಜಿನಿಯರ್. ಒಣಗಿದ ಮೈಯ, ದಪ್ಪ ಕನ್ನಡಕದ ಆ ಹೆಂಗಸು ನಗುವುದನ್ನು ಖರ್ಚೆಂದು ತಿಳಿದವಳ ಹಾಗಿದ್ದಳು. ಅವಳ ಮುಂದೆ ವರದಿ ತೆರೆದಿತ್ತು. ಏಳನೇ ಅಧ್ಯಾಯ. ಅಂಚಿನ ತುಂಬ ಕೆಂಪು ಗುರುತು.

"ಇದನ್ನ ಓದ್ಬೇಡಿ ಅಂತ ನಿಮ್ಮ ಕಚೇರಿಯಿಂದ ಫೋನ್ ಬಂತು," ಎಂದಳು ಇಂಜಿನಿಯರ್. "ಅದಕ್ಕೇ ಇದೊಂದನ್ನೇ ಓದಿದ್ವಿ."

ತಂಡಮ್ಮ ನೆಲ ನೋಡಿದಳು. ಯಜಮಾನರು ಮುಗುಳ್ನಕ್ಕರು. ಅವರಿಗೆ ಏನೂ ಗೊತ್ತಿರಲಿಲ್ಲ.

"ಈ ವರ್ಷ ನಾನು ಒಂಬತ್ತು ವರದಿ ಓದಿದೀನಿ. ಎಲ್ಲದರಲ್ಲೂ ಒಂದೇ ಮಾತು. ಬೇಡಿಕೆ ಹೆಚ್ಚಿರೋದ್ರಿಂದ ಮಾರುಕಟ್ಟೆ ಬೆಳೀತಿದೆ, ಮಾರುಕಟ್ಟೆ ಬೆಳೀತಿರೋದ್ರಿಂದ ಬೇಡಿಕೆ ಹೆಚ್ಚಿದೆ. ಆದ್ರೆ ಇಂಥದ್ದನ್ನ ನಾನು ಹುಟ್ಟಿದ್ಮೇಲೆ ಓದಿಲ್ಲ." ಅವಳು ಕನ್ನಡಕ ತೆಗೆದಳು. "ಸೆನ್ಸರನ್ನು ಆರು ತಿಂಗಳಿಗೊಮ್ಮೆ ಮಗುಚಿ ಹಾಕ್ಬೇಕು. ಇಲ್ಲದಿದ್ರೆ ಒಂದೇ ಕಡೆ ತಗ್ಗು ಬೀಳತ್ತೆ. ಇದನ್ನ ಬರೆದವರು ಯಾರು?"

ತಂಡಮ್ಮನಿಗೆ ಯಜಮಾನರ ಮೇಲೆ ನಿಜವಾಗಿಯೂ ಕನಿಕರ ಬಂತು. ಪಾಪ, ಎದ್ದು ಹೇಳಿಬಿಡೋಣ ಎಂದುಕೊಂಡು ಕುರ್ಚಿಯ ಕೈ ಹಿಡಿದಳು. ಆದರೆ ಇಂಜಿನಿಯರ್ ಇನ್ನೂ ಮುಗಿಸಿರಲಿಲ್ಲ.

"ಮೂರು ವರ್ಷದಿಂದ ನಮ್ಮ ಸೆನ್ಸರ್ ಹಾರ್ತಾ ಹಾರ್ತಾ ಅಳತೆ ತಪ್ತಾ ಇತ್ತು. ಯಾವಾಗ್ಲೂ ಒಂದೇ ಕಡೆಗೆ. ಕಾರಣ ಗೊತ್ತಾಗಿರ್ಲಿಲ್ಲ. ಗ್ರಾಹಕರು ಒಬ್ಬೊಬ್ಬರೇ ಬೇರೆ ಕಂಪನಿಗೆ ಹೋದ್ರು. ಇವತ್ತು ಮಧ್ಯಾಹ್ನ, ಆಗಿದ್ದಾಗ್ಲಿ ಅಂತ, ಒಂದನ್ನ ಬಿಚ್ಚಿ ಮಗುಚಿ ಕಟ್ಟಿ ಹಾರಿಸಿದ್ವಿ." ಅವಳು ಕನ್ನಡಕವನ್ನು ಮತ್ತೆ ಹಾಕಿಕೊಂಡಳು. "ಅಳತೆ ಕೂದಲೆಳೆಯಷ್ಟೂ ತಪ್ಪಲಿಲ್ಲ."

"ದಿಂಬು?" ಎಂದು ಪಕ್ಕದವರು ನೆನಪಿಸಿದರು.

"ಹ್ಞಾ, ದಿಂಬು. ಕೆಳಗೆ ಮೆತ್ತೆ ಇಟ್ಟು ಕಟ್ಟಿದ್ವಿ. ವಿಮಾನದ ನಡುಕ ಒಳಗೆ ಹೋಗೋದೇ ನಿಂತ್ಹೋಯ್ತು. ಇನ್ನು ಗಂಡ ಹೆಂಡತಿ ಅಂತ ಬರೆದಿದ್ದೀರಲ್ಲ, ಟೆಂಡರಿಗೆ ಸಹಿ ಹಾಕೋರು ಒಬ್ಬರು, ನಿರ್ಧಾರ ಮಾಡೋರು ಇನ್ನೊಬ್ಬರು ಅಂತ ತಾನೆ? ಇಷ್ಟು ವರ್ಷ ನಾವು ಗಂಡನ ಹಿಂದೆ ಓಡಾಡ್ತಿದ್ವಿ. ಹೇಳಿ, ಯಾರು ಬರೆದದ್ದು?"

ತಂಡಮ್ಮ ಅರ್ಧ ಎದ್ದಿದ್ದಳು. ಅದೇ ಹೊತ್ತಿಗೆ ಯಜಮಾನರು ಪೂರ್ತಿ ಎದ್ದರು. ಮುಖಪುಟದ ಮೇಲೆ ಕೈಯಿಟ್ಟು, ತಲೆ ಒಂದಿಷ್ಟು ಬಾಗಿಸಿದರು.

"ಏನೋ, ಅನುಭವದ ಮಾತು," ಎಂದರು.

ಚಪ್ಪಾಳೆ ಬಿತ್ತು. ಅರ್ಧ ಎದ್ದವಳನ್ನು ನೋಡಿ ಕಂಬಣ್ಣ, "ನೀರು ಬೇಕಾ?" ಎಂದು ಲೋಟ ಮುಂದಿಟ್ಟ. ಅವಳು ಕೂತಳು. ಬೆಳಗಿನಿಂದ ಒಂದೊಂದೇ ಹೆಜ್ಜೆಯಿಟ್ಟು, ಯಾರೂ ಕೇಳದಿದ್ದರೂ ತಾನೇ ಬೇಡಿಕೊಂಡು ತನ್ನ ಹೆಸರನ್ನು ಅಲ್ಲಿಂದ ಹೊರಗೆ ಹಾಕಿಸಿದ್ದಳು. ಈಗ ಯಾರ ಮೇಲೆ ಸಿಟ್ಟಾಗಬೇಕೆಂದು ಹುಡುಕಿದರೂ ಸಿಗಲಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ಯಜಮಾನರ ಕೈಯಲ್ಲೊಂದು ಪತ್ರವಿತ್ತು. ಹೊರದೇಶದಲ್ಲಿ ಸೆನ್ಸರ್ ತಯಾರಿಸುವವರ ದೊಡ್ಡ ಸಮ್ಮೇಳನ, ಅಲ್ಲಿ ಈ ಏಳನೇ ಅಧ್ಯಾಯದ ಮೇಲೆ ಅವರು ಮಾತಾಡಬೇಕು. ಮಾತಾಡಲು ಒಬ್ಬರನ್ನು ಕಳಿಸಿ ಎಂದು ಕಂಪನಿಗೆ ಬಂದಿದ್ದ ಪತ್ರ ಅದು, ಕಂಪನಿಯವರು ಅಲ್ಲಿಂದಲೇ ಇವರ ಹೆಸರು ಕೊಟ್ಟಿದ್ದರು.

"ನೀವು ಹೆಸರು ತೆಗೆಸ್ಕೊಂಡಿದ್ದು ಎಷ್ಟು ಒಳ್ಳೇದಾಯ್ತು ನೋಡಿ," ಎಂದರು ಯಜಮಾನರು. "ಮನೆ ಬಿಟ್ಟು ಅಷ್ಟು ದೂರ ಹೋಗೋದು ನಿಮಗೆ ಕಷ್ಟ ಆಗ್ತಿತ್ತು." ಆಮೇಲೆ ದನಿ ತಗ್ಗಿಸಿ, "ಅಂದ ಹಾಗೆ, ಆ ಮಗುಚೋದು ಯಾಕೆ?" ಎಂದು ಕೇಳಿದರು.

"ಅದು ದೊಡ್ಡ ವಿಷಯ ಸಾರ್. ಭಾಷಣದಲ್ಲಿ ಬರೀತೀನಿ."

"ಹ್ಞೂ, ಭಾಷಣ ನೀವೇ ಬರೆದ್ಕೊಡಿ. ನಾನಲ್ಲಿ ಹೋಗಿ ಓದ್ತೀನಿ. ಮುಂಚೆ ಓದಿದ್ರೆ ನಂಗೆ ಓದೋ ಉಮೇದೇ ಹೋಗತ್ತೆ. ನಿಮಗೆ ಗೊತ್ತಲ್ಲ."

ಅವಳಿಗೆ ಗೊತ್ತಿತ್ತು. ಯಾವ ಭಾಷಣವನ್ನೂ ಅವರು ವೇದಿಕೆ ಹತ್ತುವ ತನಕ ಬಿಡಿಸಿ ನೋಡಿದವರಲ್ಲ.

"ಎಷ್ಟು ಹೊತ್ತಿನ ಭಾಷಣ ಸಾರ್?"

ಯಜಮಾನರು ಪತ್ರವನ್ನು ಅವಳ ಕೈಗಿತ್ತು, ಕಣ್ಣು ಮುಚ್ಚಿ ಸೀಟಿಗೆ ಒರಗಿದರು. ಪತ್ರದಲ್ಲಿ ಹೀಗಿತ್ತು: ಒಟ್ಟು ಒಂದು ಗಂಟೆ. ಭಾಷಣ ಎಷ್ಟು ಹೊತ್ತಿನದಾದರೂ ಇರಬಹುದು. ಮುಗಿದ ಮೇಲೆ ಉಳಿಯುವ ಸಮಯವೆಲ್ಲ ಸಭಿಕರ ಪ್ರಶ್ನೆಗಳಿಗೆ. ಸಭಿಕರು ಮುನ್ನೂರು ಮಂದಿ, ಎಲ್ಲರೂ ಇಂಜಿನಿಯರುಗಳು.

ಅವಳು ಪತ್ರವನ್ನು ಎರಡು ಸಲ ಓದಿ, ಮಡಿಕೆ ಕೆಡದಂತೆ ಮಡಚಿ ಚೀಲದಲ್ಲಿಟ್ಟುಕೊಂಡಳು. ಕಿಟಕಿಯ ಹೊರಗೆ ಸಂಜೆಯ ರಸ್ತೆ ನಿಧಾನವಾಗಿ ಸರಿಯುತ್ತಿತ್ತು.

ಸಂಜೆ ಬಾಗಿಲು ತೆಗೆದದ್ದು ಅತ್ತೆ. "ಏನಾಯ್ತೇ ಹೆಸರು?"

"ಇನ್ನೂ ಕೆಲಸ ಇದೆ ಅತ್ತೆ."

ಕೈಕಾಲು ತೊಳೆದುಕೊಳ್ಳುತ್ತ ಮನಸ್ಸಿನಲ್ಲೇ ಅಳೆದು ನೋಡಿದಳು. ನಿಧಾನವಾಗಿ ಓದಿದರೆ ಒಂದು ಪುಟಕ್ಕೆ ಎರಡು ನಿಮಿಷ. ಮೊದಲು ಇಪ್ಪತ್ತೈದು ಪುಟ ಎಂದುಕೊಂಡಿದ್ದಳು. ಟವೆಲಿಗೆ ಮುಖ ಒರೆಸಿಕೊಳ್ಳುವಷ್ಟರಲ್ಲಿ ಅದು ಎರಡು ಪುಟಕ್ಕೆ ಬಂದು ನಿಂತಿತ್ತು. ಭಾಷಣ ನಾಲ್ಕು ನಿಮಿಷ, ಪ್ರಶ್ನೆಗಳು ಐವತ್ತಾರು ನಿಮಿಷ.

ಊಟಕ್ಕೆ ಕೂತಾಗ ಗಂಡ, "ಏನು, ಒಬ್ಬಳೇ ನಗ್ತಾ ಇದೀಯ?" ಎಂದ.

"ಏನಿಲ್ಲ," ಎಂದಳು. ಅವನಿಗೆ ಇನ್ನೊಂದಿಷ್ಟು ಬಡಿಸಿದಳು.