ಹತ್ತಕ್ಕೆ ಎಷ್ಟು?

ಬೆಳಿಗ್ಗೆ ಹತ್ತು ಗಂಟೆ ಹದಿನೇಳು ನಿಮಿಷಕ್ಕೆ ನಾನು ಫಿಸಿಯೋಥೆರಪಿ ಕ್ಲಿನಿಕ್ಕಿನ ಮಂಚದ ಮೇಲೆ ಬೋರಲಾಗಿ ಮಲಗಿ, ಬಲ ಹಿಮ್ಮಡಿಯನ್ನು ವಿಜ್ಞಾನಕ್ಕೆ ಅರ್ಪಿಸಿ, ಕಿರುಚದೆ ಇರುವುದು ಹೇಗೆಂದು ಯೋಚಿಸುತ್ತಿದ್ದೆ.

ಕಿರುಚುವ ಹಾಗಿರಲಿಲ್ಲ. ಪಕ್ಕದ ಕುರ್ಚಿಯಲ್ಲಿ ನನ್ನವಳು ಕೈಚೀಲವನ್ನು ಮಡಿಲಲ್ಲಿ ಅವುಚಿಕೊಂಡು, ಒಂದು ಕಣ್ಣನ್ನು ನನ್ನ ಮುಖದ ಮೇಲೆ, ಇನ್ನೊಂದನ್ನು ಬಾಗಿಲ ಮೇಲೆ ಇಟ್ಟು ಕೂತಿದ್ದಳು. ಪಾರ್ಲರಿನಲ್ಲಿ ಕೂದಲು ಕತ್ತರಿಸುವುದು ಅವಳ ಕೆಲಸ. ದಿನಕ್ಕೆ ಎಂಟು ಗಂಟೆ ನಿಂತೇ ಇರಬೇಕು. ಒಂದು ವರ್ಷದಿಂದ ಹಿಮ್ಮಡಿ ನೋವು. ಮೂರು ತಿಂಗಳಲ್ಲಿ ಮೊದಲಿನಂತೆ ನಿಲ್ಲಲಾಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಪಾರ್ಲರಿನ ಒಡತಿ ಹೇಳಿಬಿಟ್ಟಿದ್ದಳು. ಮುಲಾಮು, ಮೆತ್ತನೆ ಚಪ್ಪಲಿ, ವ್ಯಾಯಾಮ ಎಲ್ಲ ಮುಗಿದು ಉಳಿದದ್ದು ಶಾಕ್‌ವೇವ್ ಚಿಕಿತ್ಸೆ ಒಂದೇ. ಅದರ ಹೆಸರಿಗೇ ಅವಳು ನಡುಗಿದ್ದಳು.

"ಕರೆಂಟ್ ಅಲ್ಲ ಕಣೇ, ಒತ್ತಡದ ಅಲೆ," ಎಂದು ಚಿತ್ರ ಬರೆದು ವಿವರಿಸಿದ್ದೆ.

"ಹಾಗಾದ್ರೆ ಮೊದಲು ನೀವು ಮಾಡಿಸ್ಕೊಳ್ಳಿ. ನಿಮಗೂ ಹಿಮ್ಮಡಿ ನೋವಿದೆಯಲ್ಲ. ನಿಮ್ಮ ಬಾಯಿಂದ 'ಅಯ್ಯೋ' ಬಂತೋ, ನಾನು ಸೀದಾ ಮನೆಗೆ."

(ನನ್ನ ನೋವು ಇತ್ತೀಚಿನದು. ಅವಳದು ಶುರುವಾದಾಗ ನಾನು ಪೇಪರಿನಿಂದ ತಲೆ ಎತ್ತದೆ, "ಹತ್ತಕ್ಕೆ ಎರಡು ಇರಬಹುದು" ಎಂದು ಅಳೆದುಕೊಟ್ಟಿದ್ದೆ. ನನಗೇ ಬಂದ ದಿನ ಆ ಅಂಕಿಯನ್ನು ತಿದ್ದಬೇಕೆನಿಸಿತ್ತು. ತಿದ್ದಲಿಲ್ಲ.)

ಫಿಸಿಯೋಥೆರಪಿಸ್ಟ್ ಹಿಮ್ಮಡಿಗೆ ತಣ್ಣನೆಯ ಜೆಲ್ ಹಚ್ಚಿದಳು. "ಸರ್, ನೋವು ಹತ್ತಕ್ಕೆ ಎಷ್ಟು ಅಂತ ಆಗಾಗ ಕೇಳ್ತೀನಿ. ನೀವು ಹೇಳೋದನ್ನ ನೋಡ್ಕೊಂಡೇ ನಾನು ಏರಿಸೋದು, ಇಳಿಸೋದು."

ಈ ಮಾತನ್ನು ನಾನು ಗಮನವಿಟ್ಟು ಕೇಳಿಸಿಕೊಳ್ಳಬೇಕಿತ್ತು.

ಯಂತ್ರ ಟಕಟಕ ಎಂದಿತು. ಯಾರೋ ಹಿಮ್ಮಡಿಗೆ ಮೊಳೆ ಹೊಡೆಯುತ್ತಿದ್ದರು, ಅದೂ ಗುತ್ತಿಗೆ ಕೆಲಸದ ಅವಸರದಲ್ಲಿ.

"ಎಷ್ಟು ಸರ್?"

ನಿಜವಾದ ಉತ್ತರ ಏಳು. ತಕ್ಕಡಿಗಳ ನಿಖರತೆ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ನನ್ನದು ಹತ್ತೊಂಬತ್ತು ವರ್ಷದ ಸೇವೆ. ಅರ್ಧ ಗ್ರಾಂ ಸುಳ್ಳು ಹೇಳಿದ ತಕ್ಕಡಿಗೂ ಮುದ್ರೆ ಒತ್ತಿದವನಲ್ಲ. ಕುರ್ಚಿಯ ಕಡೆ ನೋಡಿದೆ. ಕೈಚೀಲ ಹೆಗಲಿಗೇರುತ್ತಿತ್ತು.

"ಎರಡು," ಎಂದೆ.

ಕೈಚೀಲ ಇಳಿಯಿತು.

"ಎರಡೇನಾ? ಹಾಗಾದ್ರೆ ಸ್ವಲ್ಪ ಏರಿಸೋಣ."

ಏರಿತು. "ಈಗ?"

"ಎರಡು."

"ಗಟ್ಟಿ ಕಾಲು ಸರ್ ನಿಮ್ಮದು. ಇನ್ನೊಂಚೂರು ಏರಿಸ್ತೀನಿ."

"ರೀ, ಯಾಕೆ ಬೆವರ್ತಿದೀರಾ?"

"ಸೆಕೆ." (ಫ್ಯಾನು ನನ್ನ ನೆತ್ತಿಯ ಮೇಲೇ ತಿರುಗುತ್ತಿತ್ತು.)

"ದಿಂಬು ಯಾಕೆ ಕಚ್ಕೊಂಡಿದೀರಾ?"

"ಸೆಕೆ."

ಒಟ್ಟು ಎರಡು ಸಾವಿರ ಹೊಡೆತ. ಸಾವಿರದ ಮುನ್ನೂರ ನಲವತ್ತರವರೆಗೆ ಎಣಿಸಿದೆ. ಆಮೇಲೆ ಸಂಖ್ಯೆಗಳ ಮೇಲೆ ನಂಬಿಕೆ ಹೋಯಿತು. ಆದರೆ 'ಅಯ್ಯೋ' ಎನ್ನಲಿಲ್ಲ. ನನ್ನವಳು ನಿಟ್ಟುಸಿರು ಬಿಟ್ಟು, ಕೈಚೀಲವನ್ನು ನನ್ನ ಕೈಗೆ ಕೊಟ್ಟು ಮಂಚ ಹತ್ತಿದಳು.

"ಎಷ್ಟು ಮೇಡಂ?"

"ಏಳು," ಎಂದಳು, ಒಂದು ಕ್ಷಣವೂ ಯೋಚಿಸದೆ.

"ಇಳಿಸ್ತೀನಿ. ಈಗ?"

"ಐದು. ಇನ್ನೂ ಸ್ವಲ್ಪ ಇಳಿಸಮ್ಮ. ಹಾಂ, ನಾಲ್ಕು. ಇಷ್ಟಿರಲಿ."

ಉಳಿದ ಹೊತ್ತೆಲ್ಲ ಇಬ್ಬರೂ ಫಿಸಿಯೋಥೆರಪಿಸ್ಟಳ ಸೀಳುಗೂದಲಿನ ಬಗ್ಗೆ ಮಾತಾಡಿದರು.

"ಇಳಿಸಬಹುದಿತ್ತಾ?" ಎಂದು ಕೇಳಿದೆ. ನನ್ನ ಧ್ವನಿ ನನಗೇ ಅಪರಿಚಿತವಾಗಿತ್ತು.

"ಹೇಳಿದ್ರೆ ಇಳಿಸ್ತಿದ್ದೆ ಸರ್."

ನನ್ನವಳು ಮಂಚದಿಂದಿಳಿದು, ಹಿಮ್ಮಡಿಯನ್ನು ಮೆಲ್ಲಗೆ ನೆಲಕ್ಕೂರಿ ನೋಡಿದಳು. "ವಾರಕ್ಕೊಂದು ಸಲದಂತೆ ಐದು ವಾರ ತಾನೇ? ಬರ್ತೀನಿ," ಎಂದಳು. ಆಮೇಲೆ ನನ್ನ ಕಾಲನ್ನೂ ನೆನೆದ ಅಂಗಿಯನ್ನೂ ನೋಡಿ, ನಾನು ಕುರ್ಚಿಯಿಂದ ಎದ್ದು ನಿಲ್ಲಲೆಂದು ನನ್ನ ಮೊಣಕೈ ಹಿಡಿದುಕೊಂಡಳು. ಹಿಡಿತ ಮೃದುವಾಗಿತ್ತು. ಅವಳಿಗೆ ಎಲ್ಲ ಗೊತ್ತಾಗಿದೆ ಅಂದುಕೊಂಡೆ.

ಫಿಸಿಯೋಥೆರಪಿಸ್ಟ್ ಫೈಲು ತೆರೆದಳು. "ಸರ್, ಮುಂದಿನ ವಾರ ಇವತ್ತು ನಿಲ್ಲಿಸಿದಲ್ಲಿಂದಲೇ ಶುರು ಮಾಡ್ಲಾ? ನೋವು ಎಷ್ಟು ಅಂತ ಬರ್ಕೊಳ್ಳಲಿ?"

ತಿದ್ದುಪಡಿ ಸಲ್ಲಿಸಲು ಬಾಯಿ ತೆರೆದೆ. ನನ್ನವಳು ಮುಂಚೆಯೇ ಮಾತಾಡಿದಳು.

"ಒಂದು ವರ್ಷದ ಹಿಂದೆ ನನ್ನ ನೋವನ್ನ ಮುಖ ಕೂಡ ನೋಡದೆ ಅಳೆದವರು ಇವರು ಕಣಮ್ಮ. ಇವರ ಅಳತೆ ತಪ್ಪೋದೇ ಇಲ್ಲ. ಬರ್ಕೊಳ್ಳಿ, ಎರಡು."