ದೆವ್ವಕ್ಕೆ ಟಚಪ್

ಕೈಗುಣ ಒಳ್ಳೆಯದಿರಬೇಕು ಅನ್ನುತ್ತಾರೆ. ಆ ಒಳ್ಳೆಯ ಕೈಗುಣವೇ ಒಂದು ದಿನ ಅನ್ನಕ್ಕೆ ಕಲ್ಲು ಹಾಕಲು ಬರುತ್ತದೆಂದು ನನಗಂತೂ ಗೊತ್ತಿರಲಿಲ್ಲ. ಮಸ್ಕತ್ತಿನ ವಾದಿ ಅದಾಯ್‌ನಲ್ಲಿ ನನ್ನದೊಂದು ಫೋಟೊ ಸ್ಟುಡಿಯೊ. ಮದುವೆ ಸಂಬಂಧಕ್ಕೆ ಕಳಿಸುವ ಫೋಟೊಗಳಲ್ಲಿ ನಾನು ಎತ್ತಿದ ಕೈ. ಮೊಡವೆ, ಕಲೆ, ಕಣ್ಣಿನ ಕೆಳಗಿನ ಕಪ್ಪು, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಒರೆಸಿ ಹಾಕಿಬಿಡುತ್ತೇನೆ. ಮದುವೆಯಾದ ಮೇಲೆ ಒಬ್ಬ ವರ ಬಂದು, "ಫೋಟೊದಲ್ಲಿದ್ದ ಹುಡುಗಿ ಎಲ್ಲಿ ಸಾರ್?" ಎಂದು ಕೇಳಿದ್ದೂ ಉಂಟು.

ಕಚ್ಚಾ ಎಣ್ಣೆಯ ಬೆಲೆ ಬಿತ್ತು ನೋಡಿ, ಕಂಪನಿಗಳು ಜನರನ್ನು ಊರಿಗೆ ಕಳಿಸತೊಡಗಿದವು. ಇವತ್ತೋ ನಾಳೆಯೋ ಕೆಲಸ ಹೋಗುವ ಹುಡುಗನಿಗೆ ಹೆಣ್ಣು ಯಾರು ಕೊಡುತ್ತಾರೆ? ನನ್ನ ಕುರ್ಚಿ ಖಾಲಿ ಹೊಡೆಯಿತು. ಅಂಗಡಿಯ ಲೈಸೆನ್ಸ್ ಇದ್ದದ್ದು ನನ್ನ ಕಫೀಲ್, ಅಂದರೆ ವೀಸಾ ಕೊಡಿಸಿದ ಒಮಾನಿ ಧಣಿ, ಸಾಲೆಂ ಅವರ ಹೆಸರಿನಲ್ಲಿ. ಒಳ್ಳೆಯ ಮನುಷ್ಯ. ಆದರೂ, "ಈ ತಿಂಗಳು ನೋಡೋಣ, ಆಮೇಲೆ ಖಲಾಸ್" ಎಂದಿದ್ದರು. ಅಂಗಡಿ ಹೋದರೆ ವೀಸಾನೂ ಹೋಯಿತು, ನಾವೂ ಹೊರಟೆವು.

ಅಷ್ಟರಲ್ಲಿ ದೇವರು ಕಳಿಸಿದಂತೆ ರೀಟಾ ಬಾಯಿ ಬಂದರು. ಮಂಗಳೂರಿನವರು, ಅಲ್ ಮಬೇಲಾದ ಒಂದು ವಸತಿ ಕಾಂಪೌಂಡಿನ ಕಾರ್ಯದರ್ಶಿ. "ನಮ್ಮಲ್ಲಿ ಹ್ಯಾಲೋವೀನ್ ಉಂಟು ಮಾರಾಯ್ರೆ, ದೆವ್ವದ ವೇಷದ ಹಬ್ಬ. ಪ್ರದರ್ಶನಕ್ಕೆ ಇಡ್ಲಿಕ್ಕೆ ನಮ್ಮ ಹನ್ನೆರಡು ಜನರ ಫೋಟೊ ಬೇಕು, ದೆವ್ವದ ಹಾಗೆ. ನೋಡಿದವರಿಗೆ ಎದೆ ಧಸಕ್ ಅನ್ಬೇಕು. ಮೊದ್ಲು ಸ್ಯಾಂಪಲ್ ತೋರ್ಸಿ."

ಒಪ್ಪಿಕೊಂಡೆ. ಸ್ಫೂರ್ತಿ ಬೇಕಲ್ಲ? ಮೈಸೂರಿನ ನಮ್ಮಜ್ಜಿ ಹೇಳುತ್ತಿದ್ದ ದೆವ್ವಗಳನ್ನೆಲ್ಲ ನೆನಪಿಸಿಕೊಂಡೆ. ದೆವ್ವದ ಗುರುತೇ ಹಿಂದುಮುಂದಾದ ಪಾದ ಎನ್ನುತ್ತಿದ್ದರು ಅಜ್ಜಿ. ನಾನು ತೆಗೆಯಬೇಕಾದ ಫೋಟೊ ಎದೆಯ ಮಟ್ಟಕ್ಕೇ ಮುಗಿಯುತ್ತದೆ. ಅಜ್ಜಿಯ ದೆವ್ವಗಳೆಲ್ಲ ವ್ಯರ್ಥವಾದವು.

ಕೊನೆಗೆ ಹೆಂಡತಿ ಪದ್ಮಾಳನ್ನೇ ಕೂರಿಸುವುದೆಂದಾಯಿತು. ಲೈಟು ಸರಿಯಿದೆಯೇ ನೋಡಲು ಟೈಮರ್ ಹಾಕಿ ಮೊದಲು ನಾನೇ ಕುರ್ಚಿಯಲ್ಲಿ ಕೂತೆ. ಆಗಲೇ ಸಾಲೆಂ ಫೋನ್ ಮಾಡಬೇಕೆ? "ಭಾಯಿ, ಭಾನುವಾರ ಅಂಗಡಿ ನೋಡಲು ಬೇರೆಯವರು ಬರ್ತಾರೆ." ಫೋನ್ ಕಿವಿಯಲ್ಲಿದ್ದಾಗಲೇ ಕ್ಯಾಮೆರಾ ಟಕ್ ಅಂದಿತು. ನನ್ನ ಜೀವ ಬಾಯಿಗೆ ಬಂದಿತ್ತು.

ಪದ್ಮಾ ಕೂದಲು ಕೆದರಿ, ಮುಖಕ್ಕೆ ಪೌಡರ್ ಮೆತ್ತಿ, ಕಣ್ಣಿನ ಸುತ್ತ ಕಾಡಿಗೆ ಬಳಿದುಕೊಂಡು ಬಂದಳು. ಕೆನ್ನೆಯ ಮೇಲೊಂದು ದೃಷ್ಟಿಬೊಟ್ಟು ಬೇರೆ! "ಇದ್ಯಾಕೆ?" ಎಂದೆ. "ದೆವ್ವ ಆದ್ರೇನ್ರೀ, ದೃಷ್ಟಿ ತಾಗಲ್ವಾ?" ಎಂದಳು. ಮೂರು ಫೋಟೊ ತೆಗೆದು ಕಂಪ್ಯೂಟರಿನ ಮುಂದೆ ಕೂತೆ. ತಲೆಯ ತುಂಬ ಭಾನುವಾರದ್ದೇ ಚಿಂತೆ. ಕೈ ಮಾತ್ರ ತನ್ನ ಪಾಡಿಗೆ ತಾನು ಹಳೆಯ ಕೆಲಸ ಮಾಡಿತು.

ರೀಟಾ ಬಾಯಿ ಮೂರನ್ನೂ ನೋಡಿ ನಿಟ್ಟುಸಿರು ಬಿಟ್ಟರು. "ಎಂತ ಮಾರಾಯ್ರೆ ಇದು? ಈ ದೆವ್ವಕ್ಕೆ ನಾಳೆಯೇ ಗಂಡು ಸಿಕ್ತದೆ!" ನಾನೂ ನೋಡಿದೆ. ಕಣ್ಣಿನ ಸುತ್ತಲಿನ ಕಾಡಿಗೆ ಮಾಯ, ಚರ್ಮ ನುಣುಪು, ತುಟಿ ಗುಲಾಬಿ. ದೃಷ್ಟಿಬೊಟ್ಟೂ ಉಳಿದಿರಲಿಲ್ಲ. ನಾಚಿಕೆಯಿಂದ ನೆಲ ನೋಡುತ್ತ ನಿಂತೆ. ಇನ್ನೇನು, ಇದ್ದ ಒಂದು ದಾರಿಯೂ ಮುಚ್ಚಿತು ಅಂದುಕೊಳ್ಳುವಾಗ ಅವರು ಮುಂದಿನ ಫೋಟೊಕ್ಕೆ ಹೋಗಿ, "ಅಯ್ಯೋ ದೇವ್ರೇ!" ಎಂದು ಎದೆ ಹಿಡಿದುಕೊಂಡರು. "ಇದು ಯಾರು? ಇದೇ ಬೇಕು ನನಗೆ! ಎಂತ ಮೇಕಪ್ ಹಾಕಿದ್ದು?"

ಮೇಕಪ್ ಎಲ್ಲಿಂದ? ಅದು ಲೈಟ್ ನೋಡಲು ತೆಗೆದ ನನ್ನ ಫೋಟೊ. ಅದಕ್ಕೆ ಟಚಪ್ ಮಾಡುವವರು ಯಾರು!

ನನ್ನದನ್ನು ಹದಿಮೂರನೆಯದಾಗಿ ಸೇರಿಸುವುದೆಂದಾಯಿತು. ಆ ಹನ್ನೆರಡು ಜನರೂ ಎಣ್ಣೆ ಕಂಪನಿಗಳ ನೌಕರರೇ. ಮೊದಲು ಕೂತ ಎಂಜಿನಿಯರಿಗೆ, "ಎಚ್‌ಆರ್‌ನವರು ನಿಮ್ಮನ್ನ ಹುಡುಕ್ತಿದ್ರಂತೆ ಸಾರ್" ಎಂದು ಟಕ್ ಅನಿಸಿದೆ. ಪಾಪ, ಆತನ ಕಣ್ಣಲ್ಲಿ ನೀರೇ ಬಂತು. ನನ್ನ ಮೇಲೆ ನನಗೇ ಅಸಹ್ಯವಾಯಿತು. ಸುಳ್ಳು ಎಂದು ಕೈಮುಗಿದು ಸುಲೈಮಾನಿ ಚಹಾ ಕುಡಿಸಿದೆ. ಉಳಿದವರಿಗೆ ಸುಳ್ಳಿನ ಅಗತ್ಯವೇ ಬೀಳಲಿಲ್ಲ. "ಆಫೀಸಲ್ಲಿ ಏನು ಸಮಾಚಾರ ಸಾರ್?" ಎಂದು ಕೇಳಿದರೆ ಸಾಕಾಗುತ್ತಿತ್ತು.

ಶುಕ್ರವಾರದ ಪ್ರದರ್ಶನಕ್ಕೆ ನಾನು ಕರೆದಿದ್ದ ಸಾಲೆಂ ಅವರೂ ಬಂದರು. ನನ್ನ ಫೋಟೊದ ಮುಂದೆ ನಿಂತು, "ಇದು ಯಾವಾಗಿನದು?" ಎಂದರು. "ಭಾನುವಾರದ ವಿಷಯ ಹೇಳಲು ನೀವು ಫೋನ್ ಮಾಡಿದಾಗಿನದು" ಎಂದೆ. ಗಡ್ಡ ಕೆರೆದುಕೊಂಡರು, ಮತ್ತೊಮ್ಮೆ ಫೋಟೊ ನೋಡಿದರು. "ಯಲ್ಲಾ, ಅವರಿಗೆ ಬೇಡ ಅಂತೇನೆ. ನೀನೇ ಇರು" ಎಂದರು.

ಆ ಫೋಟೊ ಈಗ ಸ್ಟುಡಿಯೊದ ಬಾಗಿಲ ಮೇಲಿದೆ. ತೂಗುಹಾಕಿದವಳು ಪದ್ಮಾ. ಕಲಾಕೃತಿ ಎಂದು ಮೆಚ್ಚಿದಳೇನೋ ಎಂದು ನಾನು ಒಳಗೊಳಗೇ ಉಬ್ಬುತ್ತಿದ್ದೆ. ಅವಳು ಸ್ಟೂಲಿನಿಂದ ಇಳಿದು ಕೈ ಝಾಡಿಸಿಕೊಳ್ಳುತ್ತ ಹೇಳಿದಳು: "ಅಂಗಡಿಗೊಂದು ದೃಷ್ಟಿಬೊಂಬೆ ಬೇಕು ಅಂತ ಎಷ್ಟು ವರ್ಷದಿಂದ ಬಡ್ಕೊಂಡೆ. ಮನೇಲೇ ಇತ್ತು ನೋಡಿ!"